ಮರುಕಳಿಸುವ ನಡುಕ: ಆಸ್ಟ್ರೇಲಿಯಾದ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಪ್ರಕರಣದ ಅಧ್ಯಯನ

2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಫೋರ್ಡ್ ಮೋಟಾರ್ ಕಂಪನಿಯ ಅಲ್ಲಿನ ಅಂಗಸಂಸ್ಥೆಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಪವರ್‌ಶಿಫ್ಟ್ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸ್ ಅಳವಡಿಸಿದ್ದ ಫಿಯೆಸ್ಟಾ, ಫೋಕಸ್ ಮತ್ತು ಇಕೋಸ್ಪೋರ್ಟ್ ಕಾರುಗಳ ಮಾಲೀಕರು ದೂರು ತಂದಾಗ ಕಂಪನಿ ಅವರನ್ನು ನಡೆಸಿಕೊಂಡ ರೀತಿಗೆ ವಿಧಿಸಿದ ದಂಡ ಅದು. 2015ರ ಮೇ 1ರಿಂದ 2016ರ ಫೆಬ್ರವರಿ 29ರವರೆಗಿನ ಹತ್ತು ತಿಂಗಳಲ್ಲಿ ತನ್ನ ವರ್ತನೆ ಆತ್ಮಸಾಕ್ಷಿಗೆ ಒಪ್ಪುವಂಥದ್ದಾಗಿರಲಿಲ್ಲವೆಂದು ಕಂಪನಿಯೇ ಒಪ್ಪಿಕೊಂಡಿದ್ದರಿಂದ ವಿಚಾರಣೆ ಹೆಚ್ಚು ಬೆಳೆಯಲಿಲ್ಲ. ಮೊಕದ್ದಮೆ ಹೂಡಿದ್ದು ಆ ದೇಶದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ. 2011ರಿಂದ 2015ರವರೆಗೆ ಇಂಥ ಸುಮಾರು 70,000 ಕಾರುಗಳು ಅಲ್ಲಿ ಮಾರಾಟವಾಗಿದ್ದವು, ಮತ್ತು ಅವುಗಳಲ್ಲಿ ಕನಿಷ್ಠ ಅರ್ಧದಷ್ಟು ಕಾರುಗಳು ಗೇರ್‌ಬಾಕ್ಸಿಗೆ ಸಂಬಂಧಿಸಿದ ಒಂದಾದರೂ ದುರಸ್ತಿಗೆ ಒಳಗಾಗಿದ್ದವು.

ಕೆಟ್ಟ ಬಿಡಿಭಾಗವೊಂದು ಮಾರುಕಟ್ಟೆಗೆ ಬರುವುದು ಅಪರೂಪದ ಸಂಗತಿಯೇನಲ್ಲ. ಈ ಪ್ರಕರಣವನ್ನು ವಿವರವಾಗಿ ನೋಡಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣ ಬೇರೆ. ಸರಿಯಾಯಿತೆಂದು ಮನೆಗೆ ತಂದ ಹೊಸ ಕಾರು ಕೆಲವು ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ, ಅದೇ ವೇಗದಲ್ಲಿ, ಅದೇ ರೀತಿ ನಡುಗಲು ಶುರುಮಾಡಿದರೆ ಆ ತೊಂದರೆಯನ್ನು ಯಾರು, ಯಾವ ಹೆಸರಿನಲ್ಲಿ, ಎಲ್ಲಿ ದಾಖಲಿಸುತ್ತಾರೆ ಎಂಬುದರ ಮೇಲೆ ಮುಂದಿನ ಎಲ್ಲವೂ ನಿಂತಿರುತ್ತದೆ. ಪ್ರತಿ ಭೇಟಿಯನ್ನೂ ಹೊಸ ದೂರೆಂದು ಬರೆದುಕೊಳ್ಳುವ ವ್ಯವಸ್ಥೆಯಲ್ಲಿ ಮರುಕಳಿಸುವ ದೋಷ ಎಂಬುದು ಕಾಗದದ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಪವರ್‌ಶಿಫ್ಟ್ ಮಾಲೀಕರ ಕಷ್ಟ ಬಹುಮಟ್ಟಿಗೆ ಇಲ್ಲಿಂದಲೇ ಬೆಳೆಯಿತೆಂಬುದು ನನ್ನ ಅಭಿಪ್ರಾಯ.

ಗೇರ್‌ಬಾಕ್ಸಿನ ಒಳಗೆ

ದಶಕಗಳಿಂದ ಬಳಕೆಯಲ್ಲಿರುವ ಆಟೊಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ನಿನ ಬಲ ಗೇರುಗಳಿಗೆ ತಲುಪುವುದು ಟಾರ್ಕ್ ಕನ್ವರ್ಟರ್ ಎಂಬ ಸಾಧನದ ಮೂಲಕ. ಅದರೊಳಗೆ ಎಣ್ಣೆಯೇ ಮಧ್ಯವರ್ತಿಯಾದುದರಿಂದ ಕಾರು ನಿಂತಲ್ಲಿಂದ ಮೆಲ್ಲಗೆ, ಜರ್ಕ್ ಇಲ್ಲದೆ ಹೊರಡುತ್ತದೆ. ಎಣ್ಣೆಯನ್ನು ಕಲಕುವುದಕ್ಕೇ ಸ್ವಲ್ಪ ಶಕ್ತಿ ವ್ಯಯವಾಗಿ ಮೈಲೇಜ್ ಕಡಿಮೆಯಾಗುವುದು ಅದರ ಕೊರತೆ. ಪವರ್‌ಶಿಫ್ಟ್ ಈ ಕೊರತೆಯನ್ನು ನೀಗಿಸಲು ಬಂದ ಆರು ವೇಗಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಫೋರ್ಡ್ ಮತ್ತು ಗೆಟ್ರಾಗ್ ಸಂಸ್ಥೆಗಳ ಜಂಟಿ ಉದ್ಯಮದಿಂದ ಬಂದ ಇದಕ್ಕೆ ಕಂಪನಿಯೊಳಗೆ ಡಿಪಿಎಸ್6 ಎಂಬ ಹೆಸರಿತ್ತು. ರಚನೆಯ ದೃಷ್ಟಿಯಿಂದ ಇದು ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಹತ್ತಿರದ ಸಂಬಂಧಿ. 1, 3, 5ನೇ ಗೇರುಗಳನ್ನು ಒಂದು ಕ್ಲಚ್ ನೋಡಿಕೊಳ್ಳುತ್ತದೆ, 2, 4, 6ನೇ ಗೇರುಗಳನ್ನು ಇನ್ನೊಂದು. ಒಂದರೊಳಗೊಂದು ಕೂತ ಎರಡು ಶಾಫ್ಟ್‌ಗಳ ಮೂಲಕ ಎರಡೂ ಕ್ಲಚ್‌ಗಳು ಕೆಲಸ ಮಾಡುತ್ತವೆ. ಕಾರು ಎರಡನೇ ಗೇರಿನಲ್ಲಿ ಓಡುತ್ತಿರುವಾಗಲೇ ಮೂರನೇ ಗೇರು ಸಿದ್ಧವಾಗಿ ನಿಂತಿರುವುದರಿಂದ ಬದಲಾವಣೆ ಕ್ಷಣಾರ್ಧದಲ್ಲಿ ಆಗುತ್ತದೆ. ಕ್ಲಚ್ ಒತ್ತುವ ಕೆಲಸವನ್ನು ಚಾಲಕನ ಕಾಲಿನ ಬದಲು ಕಂಪ್ಯೂಟರಿನ ಆಜ್ಞೆಯಂತೆ ವಿದ್ಯುತ್ ಮೋಟಾರುಗಳು ಮಾಡುತ್ತವೆ.

ಈ ಎರಡು ಕ್ಲಚ್‌ಗಳೂ ಒಣ ಕ್ಲಚ್‌ಗಳು ಎಂಬುದನ್ನು ಗಮನದಲ್ಲಿಡಬೇಕು. ಹೆಚ್ಚು ಟಾರ್ಕ್, ಅಂದರೆ ತಿರುಗಿಸುವ ಬಲ, ಇರುವ ಎಂಜಿನ್ನುಗಳಿಗೆಂದು ಮಾಡಿದ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸುಗಳಲ್ಲಿ ಕ್ಲಚ್ ತಟ್ಟೆಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಅವುಗಳ ಬಿಸಿಯನ್ನು ಆ ಎಣ್ಣೆ ಹೊತ್ತೊಯ್ಯುತ್ತದೆ. ಒಣ ಕ್ಲಚ್‌ಗೆ ಪಂಪು ಬೇಡ, ತೂಕ ಕಡಿಮೆ, ಇಂಧನದ ಉಳಿತಾಯ ಹೆಚ್ಚು. ಆದರೆ ಬಿಸಿ ಹೊರಹೋಗಲು ಸುತ್ತಲಿನ ಗಾಳಿಯೊಂದೇ ದಾರಿ. ಕಾರು ನಿಂತು, ಹತ್ತಡಿ ಮುಂದೆ ಸರಿದು, ಮತ್ತೆ ನಿಲ್ಲುವ ದಟ್ಟಣೆಯಲ್ಲಿ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ನಮ್ಮ ಡ್ರೈವರುಗಳು ಹಾಫ್ ಕ್ಲಚ್ ಎಂದು ಕರೆಯುವ ಆ ಸ್ಥಿತಿಯಲ್ಲೇ ಅದು ಉಜ್ಜುತ್ತಿರುತ್ತದೆ. ಮ್ಯಾನ್ಯುಯಲ್ ಕಾರಿನಲ್ಲಾದರೆ ಅನುಭವಿ ಚಾಲಕ ಮುಂದಿನ ಜಾಗ ತೆರವಾಗುವವರೆಗೆ ಕಾದು ಒಮ್ಮೆಗೇ ಹೊರಡುತ್ತಾನೆ. ಆಟೊಮ್ಯಾಟಿಕ್ ಕಾರು ಕೊಂಡವನಿಗೆ ಅಂಥ ಲೆಕ್ಕಾಚಾರ ಬೇಕಿಲ್ಲ ಎಂಬುದೇ ಅದರ ಮಾರಾಟದ ಮಾತು.

ಮೂರು ದೋಷಗಳು, ಹಲವು ಭೇಟಿಗಳು

ಆಯೋಗದ ಮೊಕದ್ದಮೆಯಲ್ಲಿ ಮೂರು ಗುಣಮಟ್ಟದ ದೋಷಗಳು ದಾಖಲಾಗಿವೆ. ಎರಡು ಕ್ಲಚ್‌ಗೆ ಸಂಬಂಧಿಸಿದವು, ಮೂರನೆಯದು ಗೇರ್‌ಬಾಕ್ಸನ್ನು ನಿಯಂತ್ರಿಸುವ ವಿದ್ಯುನ್ಮಾನ ಘಟಕದ್ದು.

ಮೊದಲನೆಯದು ಶಾಫ್ಟಿನ ಆಯಿಲ್ ಸೀಲ್. ಗೇರುಗಳಿರುವ ಭಾಗದಲ್ಲಿ ಎಣ್ಣೆ ಇರಲೇಬೇಕು, ಕ್ಲಚ್ ಇರುವ ಭಾಗದಲ್ಲಿ ಅದು ಇರಲೇಬಾರದು, ಮತ್ತು ಇವೆರಡರ ನಡುವಿನ ಕಾವಲು ಒಂದು ಚಿಕ್ಕ ಸೀಲ್. ಅದು ಜಿನುಗಿದರೆ ಒಣ ಕ್ಲಚ್ ತಟ್ಟೆಗೆ ಎಣ್ಣೆ ತಾಗುತ್ತದೆ. ಎರಡನೆಯದು ತಟ್ಟೆಯ ಮೇಲಿನ ಲೈನಿಂಗ್, ಅಂದರೆ ಘರ್ಷಣೆಯ ಪದರ. ಜಾರುವ ವೇಗ ಬದಲಾದಂತೆ ಈ ಪದರದ ಹಿಡಿತ ಹದವಾಗಿ ಬದಲಾಗಬೇಕು. ಹಾಗಾಗದೆ ಜಾರುವಿಕೆ ಹೆಚ್ಚಿದಂತೆ ಹಿಡಿತ ಇಳಿಯುವ ಗುಣ ಅದಕ್ಕಿದ್ದರೆ, ಎಣ್ಣೆ ತಾಗಿದ ಹಗ್ಗ ಬಾವಿಯ ರಾಟೆಯ ಮೇಲೆ ಒಮ್ಮೆ ಜಾರಿ ಒಮ್ಮೆ ಕಚ್ಚಿಕೊಳ್ಳುವಂತೆ ಕ್ಲಚ್ ಸೆಕೆಂಡಿಗೆ ಹಲವು ಬಾರಿ ಹಿಡಿದು ಬಿಡುತ್ತದೆ. ಕಡಿಮೆ ವೇಗದಲ್ಲಿ, ಅದರಲ್ಲೂ ನಿಂತಲ್ಲಿಂದ ಹೊರಡುವಾಗ, ಇಡೀ ಕಾರು ನಡುಗಿದಂತೆ ಒಳಗೆ ಕೂತವರಿಗೆ ಅನುಭವವಾಗುವುದು ಇದರಿಂದಲೇ. ಮೂರನೆಯದಾದ ನಿಯಂತ್ರಣ ಘಟಕದ ದೋಷ ಎಲ್ಲಕ್ಕಿಂತ ಅಪಾಯಕಾರಿ. ಗೇರ್‌ಬಾಕ್ಸಿನ ಮೇಲೆಯೇ, ಬಿಸಿ ಮತ್ತು ಅದುರುವಿಕೆಯ ನಡುವೆ ಕೂತ ಈ ಘಟಕದೊಳಗಿನ ಬೆಸುಗೆ ಬಿರುಕು ಬಿಟ್ಟರೆ ಸಂಪರ್ಕ ಆಗಾಗ ಕಡಿದು ಸೇರುತ್ತದೆ. ಆಗ ಕಾರು ಸ್ಟಾರ್ಟ್ ಆಗದಿರಬಹುದು, ಇಲ್ಲವೆ ಓಡುತ್ತಿರುವಾಗಲೇ ಚಾಲನಾಶಕ್ತಿ ಕಳೆದುಕೊಳ್ಳಬಹುದು. ನಡುಕ ಬೇಸರ ತರಿಸುವ ತೊಂದರೆ; ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ ಬರುತ್ತಿರುವಾಗ ಪಿಕಪ್ ಇಲ್ಲವಾಗುವುದು ಜೀವಕ್ಕೆ ಸಂಬಂಧಿಸಿದ ತೊಂದರೆ. ಎರಡನ್ನೂ ಗೇರ್‌ಬಾಕ್ಸ್ ಸಮಸ್ಯೆ ಎಂಬ ಒಂದೇ ಮಾತಿನಲ್ಲಿ ಮುಗಿಸುವ ದೂರುಗಳು ಮಾಲೀಕರಿಗೇ ನಷ್ಟ ಮಾಡುತ್ತವೆ.

ದೋಷ ಮರುಕಳಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಈ ವಿವರಗಳಲ್ಲೇ ಇದೆ. ನಡುಗುವ ಕಾರು ಬಂದಾಗ ಸರ್ವಿಸ್ ಸೆಂಟರಿನ ಮುಂದೆ ಮೂರು ದಾರಿಗಳಿದ್ದವು. ಒಂದು, ಸಾಫ್ಟ್‌ವೇರ್ ನವೀಕರಿಸಿ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಹೊಸದಾಗಿ ಕಲಿಸುವುದು. ಎರಡು, ಕ್ಲಚ್ ಜೋಡಣೆಯನ್ನೇ ಬದಲಿಸುವುದು. ಮೂರು, ಸೀಲ್ ಬದಲಿಸುವುದು. ಸಾಫ್ಟ್‌ವೇರ್ ಬದಲಾದ ಮೊದಲ ಕೆಲವು ವಾರ ಕಾರು ಎಷ್ಟೋ ಮೃದುವಾಗಿ ಓಡಬಹುದು, ಆದರೆ ತಟ್ಟೆಗೆ ತಾಗಿದ ಎಣ್ಣೆಯನ್ನು ಸಾಫ್ಟ್‌ವೇರ್ ಒರೆಸಲಾರದು. ಹಳೆಯ ವಸ್ತುವಿನದೇ ಲೈನಿಂಗ್ ಇರುವ ಹೊಸ ಕ್ಲಚ್ ಹಾಕಿದರೆ ಹೊಸತನ ಇರುವವರೆಗೆ ಕೆಲಸ ಸಾಗುತ್ತದೆ, ಆಮೇಲೆ ಅದೇ ಗುಣ ತಲೆಯೆತ್ತುತ್ತದೆ. ಸೀಲನ್ನು ಹಾಗೆಯೇ ಬಿಟ್ಟು ಕ್ಲಚ್ ಮಾತ್ರ ಬದಲಿಸಿದರೆ ಹೊಸ ತಟ್ಟೆಯೂ ಎಣ್ಣೆ ಕುಡಿಯುತ್ತದೆ. ಕಾಲಕ್ರಮದಲ್ಲಿ ಪರಿಷ್ಕೃತ ಸೀಲ್‌ಗಳೂ ಬೇರೆ ವಸ್ತುವಿನ ಲೈನಿಂಗೂ ಬಂದವು. ಅವು ಬರುವ ಮೊದಲು ಮಾಡಿಸಿದ ದುರಸ್ತಿಗಳನ್ನು ದುರಸ್ತಿ ಎನ್ನುವುದಕ್ಕಿಂತ ಮುಂದೂಡಿಕೆ ಎನ್ನುವುದೇ ಸರಿ. ಈ ಪದಬಳಕೆ ಕಟುವೆನ್ನಿಸಬಹುದು, ಆದರೂ ವಾರಂಟಿ ಮುಗಿಯುವ ದಿನ ಹತ್ತಿರವಾಗುತ್ತಿದ್ದಂತೆ ಪ್ರತಿ ಮುಂದೂಡಿಕೆಯ ಲಾಭ ಯಾರಿಗೆ ಸೇರುತ್ತದೆ ಎಂದು ಯೋಚಿಸಿದರೆ ಇದಕ್ಕಿಂತ ಮೆದುವಾದ ಪದ ನನಗೆ ಸಿಗುವುದಿಲ್ಲ.

ಇಷ್ಟರ ನಡುವೆ ಮಾಲೀಕರಿಗೆ ಸಿಕ್ಕ ಉತ್ತರವೇ ಈ ಪ್ರಕರಣದ ಅತ್ಯಂತ ನೋವಿನ ಭಾಗ. ನಡುಕವು ಗುಣಮಟ್ಟದ ದೋಷದ ಲಕ್ಷಣವೆಂದು ಗೊತ್ತಿದ್ದೂ, ಅದಕ್ಕೆ ನಿಮ್ಮ ಚಾಲನೆಯ ಶೈಲಿಯೇ ಕಾರಣವೆಂದು ಕಂಪನಿ ಗ್ರಾಹಕರಿಗೆ ಪದೇ ಪದೇ ಹೇಳಿತು. ಹಣ ವಾಪಸಾತಿಯನ್ನಾಗಲಿ ಬದಲಿ ಕಾರನ್ನಾಗಲಿ ಹೆಚ್ಚಿನವರಿಗೆ ನಿರಾಕರಿಸಿತು. ನಿಷ್ಠಾವಂತ ಮಾಲೀಕರ ಯೋಜನೆಯೊಂದರ ಹೆಸರಿನಲ್ಲಿ ಬದಲಿ ಕಾರು ಕೊಟ್ಟಾಗಲೂ ಅವರಿಂದ ದೊಡ್ಡ ಮೊತ್ತವನ್ನು ಕಟ್ಟಿಸಿಕೊಂಡಿತು. ತಾನು ಕಾರು ಓಡಿಸುವುದರಲ್ಲೇ ಏನೋ ತಪ್ಪಿದೆ ಎಂದು ನಂಬಿದ ವ್ಯಕ್ತಿ ಮುಂದಿನ ಸಲ ದೂರು ಕೊಡಲು ಹಿಂಜರಿಯುತ್ತಾನೆ, ಮನೆಯವರ ಮುಂದೆಯೂ ಸಂಕೋಚಪಡುತ್ತಾನೆ. ತಾಂತ್ರಿಕ ದೋಷವನ್ನು ಮನುಷ್ಯನ ನಡತೆಯ ಮೇಲೆ ಹೊರಿಸುವುದರಿಂದ ದೂರುಗಳ ಸಂಖ್ಯೆ ಇಳಿಯುತ್ತದೆ, ದೋಷ ಇಳಿಯುವುದಿಲ್ಲ.

ಅಮೆರಿಕದಲ್ಲಿ ಇದೇ ಗೇರ್‌ಬಾಕ್ಸ್ 2011ರ ಫಿಯೆಸ್ಟಾ ಮತ್ತು 2012ರ ಫೋಕಸ್ ಮಾದರಿಗಳೊಂದಿಗೆ ಬಂದಿತ್ತು. ಅಲ್ಲಿ ಕಂಪನಿ 2014ರಲ್ಲಿ ಕ್ಲಚ್ ಮತ್ತು ಸೀಲ್‌ಗಳ ವಾರಂಟಿಯನ್ನು 7 ವರ್ಷ ಅಥವಾ 1,00,000 ಮೈಲಿಗೂ, ನಿಯಂತ್ರಣ ಘಟಕದ್ದನ್ನು 10 ವರ್ಷ ಅಥವಾ 1,50,000 ಮೈಲಿಗೂ ವಿಸ್ತರಿಸಿತು. ಇದರಿಂದ ಬಹಳ ಮಂದಿಯ ಕೈಯಿಂದ ದುಡ್ಡು ಹೋಗುವುದು ತಪ್ಪಿತು. ಆದರೆ ವಾರಂಟಿಯ ವಿಸ್ತರಣೆ ಬಿಡಿಭಾಗದ ಬೆಲೆಯನ್ನು ಭರಿಸುತ್ತದೆಯೇ ಹೊರತು, ಕಾರು ವರ್ಕ್‌ಶಾಪಿನಲ್ಲಿ ನಿಂತಾಗ ಕಳೆದುಹೋಗುವ ಕೆಲಸದ ದಿನಗಳನ್ನೂ, ಮಾರಲು ಹೋದಾಗ ಇಳಿಯುವ ಬೆಲೆಯನ್ನೂ ಭರಿಸುವುದಿಲ್ಲ.

ಹೋಲಿಕೆಗೆ 2013ರ ಇನ್ನೊಂದು ಘಟನೆಯನ್ನು ನೋಡಬಹುದು. ಏಳು ವೇಗಗಳ ಒಣ ಕ್ಲಚ್ ಇರುವ ಫೋಕ್ಸ್‌ವ್ಯಾಗನ್ ಸಮೂಹದ ಡಿಎಸ್‌ಜಿ ಗೇರ್‌ಬಾಕ್ಸಿನಲ್ಲಿ, ಬಿಸಿಯೂ ತೇವಾಂಶವೂ ಹೆಚ್ಚಿರುವ ವಾತಾವರಣದಲ್ಲಿ ಸಿಂಥೆಟಿಕ್ ಎಣ್ಣೆ ವಿದ್ಯುತ್ ದೋಷಕ್ಕೆ ಕಾರಣವಾಗಬಹುದೆಂದು ಕಂಡುಬಂದಾಗ, ಕಂಪನಿ ಆ ವರ್ಷದ ನವೆಂಬರಿನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ಖನಿಜ ಎಣ್ಣೆ ತುಂಬಿಸಿತು. ಅದಕ್ಕೂ ಮೊದಲು ಮಾರ್ಚಿನಲ್ಲಿ ಚೀನಾದ ಸರ್ಕಾರಿ ಟಿ.ವಿ. ವಾಹಿನಿ ವಿಷಯವನ್ನು ಬಯಲಿಗೆಳೆದ ಬಳಿಕ ಅಲ್ಲಿ 3,84,181 ಕಾರುಗಳ ಹಿಂಪಡೆಯುವಿಕೆ ಘೋಷಣೆಯಾಗಿತ್ತು. ಒತ್ತಡದಿಂದಲೇ ಆಗಿರಲಿ, ಅಲ್ಲಿ ಕಾರಣವನ್ನು ಹೆಸರಿಸಿ ಬಹಿರಂಗವಾಗಿ ಹೇಳಲಾಯಿತು, ಮತ್ತು ಗುರುತಿಸಿದ ದೋಷವಿದ್ದ ಎಲ್ಲ ಕಾರುಗಳಿಗೂ ಒಂದೇ ಪರಿಹಾರ ಅನ್ವಯವಾಯಿತು. ಪವರ್‌ಶಿಫ್ಟ್ ಮಾಲೀಕರು ಒಬ್ಬೊಬ್ಬರಾಗಿ ಕೌಂಟರಿನ ಮುಂದೆ ನಿಂತು ವಾದಿಸಬೇಕಾಯಿತು.

ನ್ಯಾಯಾಲಯದ ಮುಂದೆ

ದಂಡದ ಹಣ ಸರ್ಕಾರಕ್ಕೆ ಹೋಗುತ್ತದೆ. ಮಾಲೀಕರ ನಷ್ಟದ ಲೆಕ್ಕ 2016ರಲ್ಲಿ ಫೆಡರಲ್ ನ್ಯಾಯಾಲಯದಲ್ಲೇ ಶುರುವಾದ ಸಾಮೂಹಿಕ ಮೊಕದ್ದಮೆಯಲ್ಲಿ ನಡೆಯಿತು. 2021ರ ಜೂನ್‌ನಲ್ಲಿ ನ್ಯಾಯಮೂರ್ತಿ ಪೆರಂ ಅವರು ನೀಡಿದ ದೀರ್ಘ ತೀರ್ಪು ತಾಂತ್ರಿಕ ದೃಷ್ಟಿಯಿಂದಲೂ ಓದತಕ್ಕದ್ದು. ಅವರು ದೋಷಗಳನ್ನು ಎರಡು ಬಗೆಯಾಗಿ ಬಿಡಿಸಿಟ್ಟರು: ಬಿಡಿಭಾಗಗಳ ದೋಷ ಮತ್ತು ಗೇರ್‌ಬಾಕ್ಸಿನ ಒಟ್ಟಾರೆ ರಚನೆಯ ದೋಷ. ಸೀಲ್, ಲೈನಿಂಗ್, ನಿಯಂತ್ರಣ ಘಟಕ ಇವು ಮೊದಲ ಬಗೆಗೆ ಸೇರುತ್ತವೆ, ಇವನ್ನು ಉತ್ತಮ ಭಾಗಗಳಿಂದ ಬದಲಿಸಬಹುದು. ಎಂಜಿನ್ನಿನಿಂದ ಬರುವ ತಿರುಚು ಕಂಪನಗಳನ್ನು ಸಾಕಷ್ಟು ತಣಿಸಲಾಗದಿರುವುದು ಎರಡನೆಯ ಬಗೆಗೆ ಸೇರುತ್ತದೆ, ಯಾವ ಬಿಡಿಭಾಗ ಬದಲಿಸಿದರೂ ಅದು ಉಳಿಯುತ್ತದೆ. ಕಾರುಗಳು ಆಸ್ಟ್ರೇಲಿಯಾದ ಗ್ರಾಹಕ ಕಾನೂನು ಖಾತರಿಪಡಿಸುವ ಸ್ವೀಕಾರಾರ್ಹ ಗುಣಮಟ್ಟವನ್ನು ತಲುಪಿರಲಿಲ್ಲವೆಂದು ಅವರು ತೀರ್ಮಾನಿಸಿದರು. ಮುಖ್ಯ ಅರ್ಜಿದಾರರ ಕಾರಿನ ಬೆಲೆ ಈ ಕಾರಣದಿಂದ ಶೇ. 30ರಷ್ಟು ಕಡಿಮೆ ಇತ್ತೆಂದು ಲೆಕ್ಕ ಹಾಕಿದರು.

ಮೇಲ್ಮನವಿಯಲ್ಲಿ ಎದ್ದ ಪ್ರಶ್ನೆ ಯಾವ ದೇಶದ ಕಾರು ಮಾಲೀಕನಿಗೂ ಸಂಬಂಧಿಸಿದ್ದು: ಬೆಲೆಯ ಕುಸಿತವನ್ನು ಯಾವ ದಿನದ ಲೆಕ್ಕದಲ್ಲಿ ಅಳೆಯಬೇಕು? ಮುಂದೆ ಎಂದೋ ಉಚಿತ ದುರಸ್ತಿ ಸಿಕ್ಕಿತೆಂಬ ಕಾರಣಕ್ಕೆ, ಕೊಂಡ ದಿನದ ನಷ್ಟ ಇಲ್ಲವಾಯಿತೆನ್ನಬಹುದೇ? 2024ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಟೊಯೊಟಾ ವಿರುದ್ಧದ ಇನ್ನೊಂದು ಪ್ರಕರಣದ ಜೊತೆಗೆ ಇದನ್ನೂ ತೀರ್ಮಾನಿಸಿ, ಬೆಲೆಯ ಕುಸಿತವನ್ನು ಕಾರು ಗ್ರಾಹಕನ ಕೈಸೇರಿದ ಸಮಯಕ್ಕೇ ಅಳೆಯಬೇಕೆಂದು ಹೇಳಿತು. ದೋಷದ ಬಗ್ಗೆ ಆಮೇಲೆ ತಿಳಿದುಬಂದ ಸಂಗತಿಗಳನ್ನು ಆ ಅಳತೆಗೆ ಬಳಸಿಕೊಳ್ಳಬಹುದು. ಅಡಗಿದ್ದ ದೋಷ ಮೊದಲ ದಿನದಿಂದಲೇ ಕಾರಿನಲ್ಲಿತ್ತು, ಗ್ರಾಹಕ ಮಾತ್ರ ಒಳ್ಳೆಯ ಕಾರಿನ ಬೆಲೆ ತೆತ್ತಿದ್ದ ಎಂಬ ನೇರ ವಾದಕ್ಕೆ ಹೀಗೆ ಮನ್ನಣೆ ಸಿಕ್ಕಿತು. ಇಷ್ಟು ಸರಳ ಮಾತು ಸ್ಥಾಪಿತವಾಗಲು ಎಂಟು ವರ್ಷ ಹಿಡಿದದ್ದು ನನಗೆ ಖೇದ ತರುತ್ತದೆ.

ನಮ್ಮಲ್ಲಿ

ಭಾರತದಲ್ಲಿಯೂ ಪವರ್‌ಶಿಫ್ಟ್ ಹೆಸರಿನ ಆರು ವೇಗದ ಗೇರ್‌ಬಾಕ್ಸ್ ಫಿಯೆಸ್ಟಾದಲ್ಲೂ, 2013ರಲ್ಲಿ ಬಂದ ಇಕೋಸ್ಪೋರ್ಟ್‌ನಲ್ಲೂ, ಬಳಿಕ ಫಿಗೊ ಮತ್ತು ಆಸ್ಪೈರ್ ಕಾರುಗಳಲ್ಲೂ ಲಭ್ಯವಿತ್ತು. 2017ರ ಕೊನೆಯಲ್ಲಿ ಇಕೋಸ್ಪೋರ್ಟ್ ಹೊಸ ರೂಪ ಪಡೆದಾಗ ಅದರ ಜಾಗಕ್ಕೆ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಬಂದಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಇಲ್ಲಿ ತನ್ನ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಇವು ಈಗಲೂ ಕೈ ಬದಲಾಗುತ್ತಿರುವುದರಿಂದ ಈ ಅಧ್ಯಯನ ನಮ್ಮ ಓದುಗರಿಗೆ ದೂರದ ಸುದ್ದಿಯಲ್ಲ. ಬೇರೆ ಕಂಪನಿಗಳ ಒಣ ಕ್ಲಚ್ ಕಾರುಗಳೂ ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳದಂಥ ಕಡೆ ದಿನವೂ ತೆವಳುತ್ತವೆ. ಚಾಲನೆಯ ಶೈಲಿ ಎಂಬ ಉತ್ತರ ಇಲ್ಲಿನ ಕೌಂಟರುಗಳಲ್ಲೂ ಸುಲಭವಾಗಿ ಬಾಯಿಗೆ ಬರುವಂಥದ್ದೇ.

ಹೊಸ ಕಾರಿನ ಗೇರ್‌ಬಾಕ್ಸ್ ಎರಡನೆಯ ಬಾರಿ ಅದೇ ತೊಂದರೆ ಕೊಟ್ಟಾಗ ಮಾಲೀಕನ ಮೊದಲ ಕೆಲಸ ಜಾಬ್ ಕಾರ್ಡನ್ನು, ಅಂದರೆ ಸರ್ವಿಸ್ ಸೆಂಟರಿನವರು ದೂರನ್ನೂ ಮಾಡಬೇಕಾದ ಕೆಲಸವನ್ನೂ ಬರೆದುಕೊಳ್ಳುವ ಹಾಳೆಯನ್ನು, ಗಮನವಿಟ್ಟು ಓದುವುದು. ಅಲ್ಲಿ ಜನರಲ್ ಚೆಕಪ್ ಎಂದು ಬರೆದಿದ್ದರೆ ಸಹಿ ಹಾಕುವ ಮೊದಲೇ ತಿದ್ದಿಸಬೇಕು. ಎಂಜಿನ್ ಬಿಸಿಯಾದ ಮೇಲೆ, ಮೊದಲ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ, ಇಂಥ ವೇಗದಲ್ಲಿ ನಡುಗುತ್ತದೆ ಎಂಬಷ್ಟು ಖಚಿತವಾಗಿ ಲಕ್ಷಣ ದಾಖಲಾಗಬೇಕು. ಹಿಂದಿನ ಜಾಬ್ ಕಾರ್ಡಿನ ಸಂಖ್ಯೆಯನ್ನೂ ದಿನಾಂಕವನ್ನೂ ನಮೂದಿಸಿ, ಇದು ಅದೇ ದೋಷದ ಮರುಕಳಿಕೆ ಎಂದು ಸ್ಪಷ್ಟವಾಗಿ ಬರೆಸಬೇಕು. ಬೆಳಿಗ್ಗೆ ತಣ್ಣಗಿರುವ ಕಾರನ್ನು ವರ್ಕ್‌ಶಾಪಿನ ಅಂಗಳದಲ್ಲಿ ಒಂದು ಸುತ್ತು ಹೊಡೆಸಿ ತೊಂದರೆ ಕಾಣಲಿಲ್ಲ ಎಂದರೆ ಒಪ್ಪಬಾರದು. ಮುಕ್ಕಾಲು ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಬಿಸಿಯಾದ ಕಾರಿನಲ್ಲಿ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಗೆ ಹೋಗಬೇಕು, ಸಾಧ್ಯವಾದರೆ ಸ್ಕ್ಯಾನರ್ ಜೋಡಿಸಿ ಶಾಫ್ಟಿನ ವೇಗದ ಏರಿಳಿತವನ್ನು ದಾಖಲಿಸಲು ಕೇಳಬೇಕು. ದುರಸ್ತಿಯಾದ ಮೇಲೆ ಬದಲಿಸಿದ ಭಾಗದ ಪಾರ್ಟ್ ನಂಬರನ್ನು ಹಿಂದಿನ ಬಾರಿಯದರೊಂದಿಗೆ ಹೋಲಿಸುವುದು ಬಹಳ ಮುಖ್ಯ. ಎರಡೂ ಸಂಖ್ಯೆ ಒಂದೇ ಆಗಿದ್ದರೆ ಹಳೆಯದನ್ನು ಕೆಡಿಸಿದ ಕಾರಣ ಹೊಸದನ್ನು ಏಕೆ ಕೆಡಿಸುವುದಿಲ್ಲ ಎಂದು ಇಮೇಲ್ ಮೂಲಕ ಕೇಳಬೇಕು. ಫೋನಿನಲ್ಲಿ ಆಡಿದ ಮಾತು ನಮ್ಮ ಗ್ರಾಹಕ ಆಯೋಗದ ಮುಂದೆ ನಿಲ್ಲುವುದು ಕಷ್ಟ.

ಕಾನೂನಿನ ಕಡೆಯಿಂದ ನೋಡಿದರೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವಿದೆ, ಮತ್ತು ಅದು ತಯಾರಿಕೆಯ ದೋಷವನ್ನೂ ವಿನ್ಯಾಸದ ದೋಷವನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಆದರೆ ಆ ಅಧ್ಯಾಯದ ಹಾನಿ ಎಂಬುದರಲ್ಲಿ ಉತ್ಪನ್ನಕ್ಕೇ ಆದ ಹಾನಿ ಸೇರುವುದಿಲ್ಲ. ಆದ್ದರಿಂದ ಗೇರ್‌ಬಾಕ್ಸ್ ಮಾತ್ರ ಕೆಟ್ಟು ಯಾರಿಗೂ ಪೆಟ್ಟಾಗದ ಪ್ರಕರಣದಲ್ಲಿ ಮಾಲೀಕ ಹಿಡಿಯಬೇಕಾದ ದಾರಿ ದೋಷಯುಕ್ತ ಸರಕು ಎಂಬ ಸಾಮಾನ್ಯ ದೂರು. ಆ ದೂರಿನ ಮೇಲೆ ದೋಷ ನಿವಾರಣೆ, ಬದಲಿ ಸರಕು, ಬೆಲೆ ವಾಪಸಾತಿ, ಪರಿಹಾರ ಇವುಗಳಲ್ಲಿ ಯಾವುದನ್ನಾದರೂ ಆದೇಶಿಸುವ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕಿದೆ. ಮಾಲೀಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು. ಇಡೀ ಕಾರಿನ ಬದಲಾವಣೆ ಸುಲಭವಾಗಿ ಸಿಗುವುದಿಲ್ಲ. ವಾರಂಟಿಯ ಷರತ್ತು ಕೆಟ್ಟ ಭಾಗದ ಬದಲಾವಣೆಗೆ ಸೀಮಿತವಾಗಿದ್ದರೆ ಕಾರನ್ನೇ ಬದಲಿಸೆಂದು ಹೇಳಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಮೇಲ್ಮನವಿಯೊಂದರಲ್ಲಿ ಹೇಳಿದೆ. ಭಾಗ ಬದಲಿಸಿದರೂ ದೋಷ ಹೋಗಿಲ್ಲ ಎಂಬುದನ್ನು ತೋರಿಸುವ ಜಾಬ್ ಕಾರ್ಡುಗಳ ಸಾಲು ಮತ್ತು ತಜ್ಞರ ವರದಿ ಇಂಥ ಕಡೆ ನಿರ್ಣಾಯಕವಾಗುವುದು ಇದರಿಂದಲೇ. ತಪಾಸಣೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಸೂಕ್ತ ಪ್ರಯೋಗಾಲಯಕ್ಕೆ ಕಳಿಸುವ ಅವಕಾಶವೂ ಕಾಯ್ದೆಯಲ್ಲಿದೆ. ಅದನ್ನು ಅರ್ಜಿಯ ಮೂಲಕ ಆರಂಭದಲ್ಲೇ ಕೋರುವುದು ಒಳ್ಳೆಯದು.

ಓಡುವಾಗ ಚಾಲನಾಶಕ್ತಿ ನಿಲ್ಲುವಂಥ ದೋಷಕ್ಕೆ ಇನ್ನೊಂದು ಬಾಗಿಲೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ 110ಎ ಕಲಮು, ಚಾಲಕರಿಗೆ, ಪ್ರಯಾಣಿಕರಿಗೆ ಅಥವಾ ರಸ್ತೆ ಬಳಸುವ ಇತರರಿಗೆ ಅಪಾಯ ತರಬಹುದಾದ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ನಿರ್ದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಒಂದೇ ಹಿತಾಸಕ್ತಿಯುಳ್ಳ ಹಲವು ಗ್ರಾಹಕರು ಆಯೋಗದ ಅನುಮತಿ ಪಡೆದು ಒಂದೇ ದೂರು ಸಲ್ಲಿಸುವುದಕ್ಕೂ ಗ್ರಾಹಕ ಕಾಯ್ದೆಯಲ್ಲಿ ದಾರಿಯಿದೆ. ಆಸ್ಟ್ರೇಲಿಯಾದ ಮಾಲೀಕರಿಗೆ ಬಲ ಬಂದದ್ದು ಒಟ್ಟಾಗಿ ನಿಂತಾಗಲೇ ಆದುದರಿಂದ, ಅದೇ ಮಾದರಿಯ ಕಾರಿನ ಇತರ ಮಾಲೀಕರನ್ನು ಹುಡುಕಿ ಅವರ ದಾಖಲೆಗಳನ್ನು ಒಂದುಗೂಡಿಸುವ ಶ್ರಮ ವ್ಯರ್ಥವಾಗದು.

ಇದೆಲ್ಲಕ್ಕೂ ಕಾಲದ ಮಿತಿಯೊಂದಿದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು, ತಡವಾದರೆ ಅದಕ್ಕೆ ಸಕಾರಣ ತೋರಿಸಬೇಕು. ಸರ್ವಿಸ್ ಸೆಂಟರಿನವರು ಇನ್ನೊಮ್ಮೆ ಸಾಫ್ಟ್‌ವೇರ್ ಹಾಕಿ ನೋಡೋಣ ಎನ್ನುತ್ತಿರುವಾಗಲೇ ಆ ಎರಡು ವರ್ಷ ಸರಿದುಹೋಗಬಹುದು. ಹಾಗಾಗಿ ಮೂರನೆಯ ಭೇಟಿಗೆ ಹೋಗುವ ಮುನ್ನವೇ ತಯಾರಕರಿಗೂ ಮಾರಾಟಗಾರರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ಅದರ ಪ್ರತಿಯನ್ನು ಜಾಬ್ ಕಾರ್ಡುಗಳ ಜೊತೆಗೇ ಇಟ್ಟುಕೊಳ್ಳುವುದು ಸೂಕ್ತ.